ಎರಡನೇ ಪಿಟೀಲು

ಭದ್ರಾವತಿಯ ಕಾರ್ಖಾನೆ ಸೈರನ್ನು
ಶ್ರುತಿಗೆ ಕೂದಲೆಳೆಯಷ್ಟು ಕಡಿಮೆ ಎಂದು
ಊರಲ್ಲಿ ಗೊತ್ತಿದ್ದದ್ದು ಸಲ್ದಾನ ಮೇಷ್ಟ್ರೊಬ್ಬರಿಗೇ.
ಎರಡು ಗಂಟೆಯ ಪಾಳಿಗೆ ಅದು ಕೂಗಿದಾಗಲೆಲ್ಲ
ಹುಳುಕು ಹಲ್ಲಿಗೆ ತಣ್ಣೀರು ತಾಗಿದವರ ಹಾಗೆ ಮುಖ ಮಾಡಿ
"ಸ್ವಲ್ಪ ಮೇಲೆ ಮಾರಾಯ, ಸ್ವಲ್ಪ ಮೇಲೆ" ಅನ್ನುತ್ತಿದ್ದರು,
ಹೊಗೆಕೊಳವೆಯ ಕಡೆ ನೋಡಿ.

ಹಗಲು ಸ್ಟೋರ್ಸಿನಲ್ಲಿ ನಟ್ಟು ಬೋಲ್ಟುಗಳ ಲೆಕ್ಕ.
ಸಂಜೆ ಕ್ವಾರ್ಟರ್ಸಿನ ಮುಂದಿನ ಕೋಣೆಯಲ್ಲಿ
ಎಂಟು ಮಕ್ಕಳು, ಮೂರು ಪಿಟೀಲು.
ತಂತಿ ಮುಟ್ಟುವ ಮೊದಲು ಕೈ ತೊಳೆಯಬೇಕು,
ಉಗುರು ತೋರಿಸಬೇಕು,
ಹೋದ ವಾರದ ತಪ್ಪನ್ನು ಬಾಯಲ್ಲಿ ಹಾಡಿ ಒಪ್ಪಿಕೊಳ್ಳಬೇಕು.
ನಾನು ಕ್ಯಾಂಟೀನಿನ ತುಳಜಮ್ಮನ ಮಗಳು;
ಕೈಗೆ ಈರುಳ್ಳಿ ವಾಸನೆ, ಎಷ್ಟು ತೊಳೆದರೂ.
"ಇರಲಿ, ರಾಳದ ವಾಸನೆ ಬೇಗ ಗೆಲ್ಲುತ್ತೆ" ಅಂದರು.
ಗೆಲ್ಲಲು ಎರಡು ವರ್ಷ ಬೇಕಾಯಿತು.

ಭಾನುವಾರ ನಾಲ್ಕು ಕುರ್ಚಿ.
ವಿಯೋಲಾಕ್ಕೆ ಲ್ಯಾಬಿನ ರಹಮತುಲ್ಲಾ,
ಚೆಲ್ಲೋಗೆ ಲೇತ್ ಮಿಷಿನ್ನಿನ ಚೆಲುವರಾಜು.
ಆ ಚೆಲ್ಲೋ ಬೀರೂರಲ್ಲಿ ರೈಲು ಬದಲಿಸುವಾಗ
ಟಿ.ಸಿ. ಅದಕ್ಕೂ ಟಿಕೇಟು ಕೇಳಿದನಂತೆ;
ಮೇಷ್ಟ್ರು ತೆಗೆಸಿದರಂತೆ, ಅರ್ಧ ಟಿಕೇಟು,
"ಇದಕ್ಕಿನ್ನೂ ಹನ್ನೆರಡು ತುಂಬಿಲ್ಲ" ಎಂದು.

ಮೊದಲನೇ ಕುರ್ಚಿ ಮಾತ್ರ ಶಿಷ್ಯರದ್ದು.
ಮೂವತ್ತೊಂದು ವರ್ಷ, ಹದಿನಾಲ್ಕು ಜನ ಕೂತೆದ್ದರು ಅದರಲ್ಲಿ:
ಒಬ್ಬ ಪೊಲೀಸ್ ಬ್ಯಾಂಡಿಗೆ, ಒಬ್ಬಳು ಮದುವೆಯಾಗಿ ಹೊಸನಗರಕ್ಕೆ,
ಒಬ್ಬನಿಗೆ ಕ್ರಿಕೆಟ್ಟು.
ಮೇಷ್ಟ್ರು ಯಾವಾಗಲೂ ಪಕ್ಕದಲ್ಲಿ,
ಎರಡನೇ ಪಿಟೀಲು,
ಯಾರೂ ಗುನುಗಿಕೊಂಡು ಮನೆಗೆ ಹೋಗದ ಸಾಲು.

ನಾನು ಹದಿನೈದನೆಯವಳು.
ಒಮ್ಮೆ ಶಿವಮೊಗ್ಗದಲ್ಲಿ, ದುರ್ಗಿಗುಡಿಯ ಡಾಕ್ಟರೊಬ್ಬರ ಹಜಾರದಲ್ಲಿ
ಇಪ್ಪತ್ತು ಜನ, ಜಮಖಾನ,
ಹಾಳೆ ಹಾರದಿರಲೆಂದು ಫ್ಯಾನು ಆರಿಸಿದ್ದರು.
ನಡುವೆ ನಾನು ದಾರಿ ತಪ್ಪಿದೆ.
ಎರಡು ಸಾಲು, ಎಲ್ಲಿದ್ದೇನೆಂದೇ ತಿಳಿಯಲಿಲ್ಲ.
ಆಗ ಪಕ್ಕದಿಂದ ನನ್ನ ಸ್ವರ ಕೇಳಿಸಿತು,
ನನ್ನದೇ, ನನಗಿಂತ ಮೆಲ್ಲಗೆ,
ನಾನು ಬಂದು ಹಿಡಿಯುವವರೆಗೆ.
ಹಿಡಿದ ಕೂಡಲೇ ಅವರು ಇಳಿದು ತಮ್ಮ ಸಾಲಿಗೆ ಹೋದರು.
ಚಪ್ಪಾಳೆ ತಟ್ಟಿದವರಿಗೆ ಗೊತ್ತಾಗಲಿಲ್ಲ.
ರಹಮತುಲ್ಲಾಗೆ ಗೊತ್ತಾಗಿ, ವಾಪಸು ಬಸ್ಸಿನಲ್ಲಿ
ಕಡಲೆಕಾಯಿ ಪೊಟ್ಟಣ ನನಗೊಬ್ಬಳಿಗೇ ಕೊಟ್ಟರು.

ಈಗ ಸೈರನ್ನಿಲ್ಲ.
ಮೇಷ್ಟ್ರ ಎಡಗೈ ಕಿರುಬೆರಳು ಮಡಚುವುದಿಲ್ಲ.
ಅವರ ಪಿಟೀಲು ಬೀರುವಿನಲ್ಲಿ, ಬೂಸಲು ಹಿಡಿಯದಂತೆ,
ಝೀರೋ ಬಲ್ಬಿನ ಬಿಸಿಯಲ್ಲಿ ಮಲಗಿದೆ.
ಹಾಳೆಗಳು ನನ್ನ ಹತ್ತಿರ. ಅಂಚಿನಲ್ಲಿ ಅವರ ಪೆನ್ಸಿಲ್ಲು:
"ಇಲ್ಲಿ ಹುಡುಗಿ ಓಡುತ್ತಾಳೆ. ಜೊತೆಗೆ ಓಡು."

ಗುರುವಾರ ಹೋಗಿ ಎರಡನೇ ಸಾಲನ್ನಷ್ಟೇ ನುಡಿಸುತ್ತೇನೆ.
ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು
"ಇದ್ಯಾವ ಹಾಡು, ಶುರುವೇ ಆಗ್ತಿಲ್ವಲ್ಲ?" ಅನ್ನುತ್ತಾರೆ.
ಮಧ್ಯೆ ಏಳು ಅಳತೆ ಮೌನವಿದೆ.
ಕಮಾನು ತೊಡೆಯ ಮೇಲಿಟ್ಟು ಎಣಿಸುತ್ತೇನೆ.
ಮಂಚದಲ್ಲಿ ಮೇಷ್ಟ್ರೂ,
ಆ ಮಡಚದ ಬೆರಳನ್ನು ಕಂಬಳಿಯ ಮೇಲೆ ತಟ್ಟುತ್ತ.
ಐದಕ್ಕೇ ನಾನು ಕಮಾನೆತ್ತಿದರೆ
ಕಣ್ಣು ತೆರೆಯದೆ,
"ಇನ್ನೂ ಎರಡು."