ಎರಡು ಅನ್ನುವಷ್ಟರಲ್ಲಿ

ಕಡಲಿಗೊಂದು ಕ್ಯಾಲೆಂಡರ್ ಇರುತ್ತದೆ, ಅನ್ನುತ್ತಾನೆ ಅಸೈನಾರ್.
ದಿನಕ್ಕೆರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ,
ವಳಪಟ್ಟಣದ ಅಳಿವೆಯಲ್ಲಿ ಅವನಪ್ಪ
ಚಂದ್ರನ ಮುಖ ನೋಡಿ ದೋಣಿ ಬಿಚ್ಚುತ್ತಿದ್ದನಂತೆ.
ನಮ್ಮ ಕರಡಿಗೋಡಿನ ಹೊಳೆಗೆ ತಿಥಿಯಿಲ್ಲ.
ಇರುವುದೊಂದು ಫೋನು.
ಭಾಗಮಂಡಲದಿಂದ ದೇಚಮ್ಮನ ತಂಗಿ
ಸಂಗಮ ಮುಳುಗಿತು ಅಕ್ಕ, ಅಂದರೆ
ಅದಕ್ಕೆ ಅರ್ಧ ದಿನ ಕೂಡಿಸಬೇಕು,
ರೇಷನ್ ಅಂಗಡಿಯ ಗೋಡೆಗೆ
ಇದ್ದಿಲಿನಲ್ಲಿ ಗಂಟೆ ಬರೆದಿಡಬೇಕು.

ದೋಣಿ ಎಲ್ಲರದು. ಅಂದರೆ ಎಲ್ಲರೂ ಬೈಯುವಂಥದು.
ಗಾಳಿಗೆ ಬಿದ್ದ ಹಲಸಿನ ಮರ ಎಸ್ಟೇಟಿನವರು ಕೊಟ್ಟದ್ದು,
ಡಾಂಬರಿಗೆ ಮಸೀದಿಯ ಚಂದಾ,
ಮೊಳೆಗೆ ಯಾರ ದುಡ್ಡೆಂಬ ಜಗಳ ಇನ್ನೂ ಮುಗಿದಿಲ್ಲ.
ಎಂಟು ಹುಟ್ಟಿನಲ್ಲಿ ಒಂದೇ ಉದ್ದದವು ಎರಡೇ.

ಎಣಿಕೆ ಅವರವರ ಬಾಯಲ್ಲಿ.
ಒಂದ್, ದಂಡ್, ಮೂಂದ್: ದೇಚಮ್ಮ.
ಒಣ್ಣು, ರೆಂಡು, ಮೂಣು: ತೋಟದ ಲೈನಿನ ವಡಿವು.
ಎರವರ ಚೋಮ ಬಾಯಿ ತೆರೆಯುವುದಿಲ್ಲ,
ಅವನ ಭುಜ ಎಣಿಸುತ್ತದೆ.
ಪಿರಿಯಾಪಟ್ಟಣದಿಂದ ಅಂಗನವಾಡಿಗೆ ಬಂದ ನಾನು
ಎ ರ ಡು ಅನ್ನುವಷ್ಟರಲ್ಲಿ
ಅವರ ಹುಟ್ಟುಗಳೆಲ್ಲ ನೀರಿನಿಂದ ಮೇಲೆ.
ಕನ್ನಡದಲ್ಲಿ ಎರಡು ಯಾಕಿಷ್ಟು ಉದ್ದ ಟೀಚರ್,
ಕೇಳುತ್ತಾಳೆ ವಡಿವು. ನನಗೇನು ಗೊತ್ತು.

ಕಕ್ಕಡದ ಹದಿನೆಂಟು.
ದೇಚಮ್ಮನ ಬೆರಳಿಗೆ ಮದ್ದುಸೊಪ್ಪಿನ ನೇರಳೆ ಬಣ್ಣ.
ಸೇತುವೆಯ ರಸ್ತೆ ನೀರಿನಡಿ,
ಎಂಟನೆಯ ಹುಟ್ಟಿನ ಬೀಪಾತು ಆಚೆ ದಡದಲ್ಲಿ
ಹೊಲಿಗೆ ಮಿಷನ್ನಿನ ಜೊತೆ ಅಟ್ಟದ ಮೇಲೆ.
ಹೋದ ವರ್ಷ ಗಂಜಿ ಕೇಂದ್ರಕ್ಕೆ ಹೋಗಿ ಬರುವಷ್ಟರಲ್ಲಿ
ಮನೆ ಜಾಗಕ್ಕೆ ಯಾರೋ ಬೇಲಿ ಹಾಕಿದ್ದರು;
ಈ ಸಲ ಸರ್ಕಾರದ ಮಾತಿಗೆ ಅವಳು ಇಳಿಯಲಿಲ್ಲ.
ನೀವು ಬಂದರೆ ನೋಡೋಣ, ಅಂದಿದ್ದಳು.

ಏಳು ಜನ. ದೋಣಿ ಸುತ್ತುತ್ತದಲ್ಲ, ಅಂದೆ.
ಸುತ್ತಲಿ ಬಿಡು, ಅಂದ ಅಸೈನಾರ್ ಚುಕ್ಕಾಣಿಯಿಂದ.
ಹೊಳೆ ಮೂತಿಯನ್ನು ಕೆಳಕ್ಕೆ ತಳ್ಳುತ್ತದೆ,
ಕೆಳಗಿನ ಮಗ್ಗುಲಿಗೆ ನಾಲ್ಕು ಜನ, ಮೇಲಿನ ಮಗ್ಗುಲಿಗೆ ಮೂರು.
ಖಾಲಿ ಜಾಗವೂ ಒಂದಿಷ್ಟು ದುಡಿಯಲಿ.
ನೆಟ್ಟಗೆ ಹೋಗಬೇಡಿ. ನೆಟ್ಟಗೆ ಹೋದವರು
ಕುಶಾಲನಗರದಲ್ಲಿ ಸಿಗುತ್ತಾರೆ.

ಓರೆಯಾಗಿ ಹೊರಟೆವು.
ಕೆಂಪು ನೀರು, ಕೆಸುವಿನ ವಾಸನೆ,
ಒಂದು ಪ್ಲಾಸ್ಟಿಕ್ ಕುರ್ಚಿ ನೆಟ್ಟಗೆ ಕೂತು ತೇಲುತ್ತಿತ್ತು,
ಈಗಷ್ಟೇ ಯಾರೋ ಎದ್ದು ಒಳಗೆ ಹೋದ ಹಾಗೆ.
ನಡುಹೊಳೆಯಲ್ಲಿ ಸದ್ದೇ ಬೇರೆ,
ನೀರಿನ ಕೆಳಗೆ ಕಲ್ಲುಗಳು ಮಾತಾಡುವುದು
ಹಲಗೆಯ ಮೂಲಕ ಮಂಡಿಗೆ ಕೇಳುತ್ತದೆ.
ಒಂದ್. ದಂಡ್.
ಸಿಲ್ವರ್ ಓಕಿನ ದಿಮ್ಮಿಯೊಂದು, ಬೇರು ಸಮೇತ,
ಯಾರೂ ನೋಡದ ಕಡೆಯಿಂದ ಬಂತು.
ಎಲ್ಲರ ಹುಟ್ಟೂ ಮೇಲಿತ್ತು,
ನನ್ನದೊಂದು, ತಡವಾದದ್ದು, ಇನ್ನೂ ನೀರಲ್ಲಿ.
ದಿಮ್ಮಿ ಅದಕ್ಕೆ ತಾಗಿತು, ರಟ್ಟೆ ಕಿತ್ತಂತಾಯಿತು,
ದೋಣಿಗೆ ಗೇಣಿನಷ್ಟು ಬಿಟ್ಟು ದಾಟಿಕೊಂಡಿತು.
ಯಾರೂ ಏನೂ ಅನ್ನಲಿಲ್ಲ.
ಸ್ವಲ್ಪ ಹೊತ್ತಾದ ಮೇಲೆ ವಡಿವು ಅಂದಳು,
ಲೇಟು, ಟೀಚರ್.

ಬೀಪಾತು ಅಟ್ಟದಿಂದ ಇಳಿದಳು,
ಮಿಷನ್ನಿನ ತಲೆಯನ್ನು ಕೂಸಿನಂತೆ ಸೀರೆಯಲ್ಲಿ ಸುತ್ತಿ.
ಅಳಲಿಲ್ಲ, ಯಾರನ್ನೂ ಹರಸಲಿಲ್ಲ.
ಅದನ್ನು ಚೋಮನ ಕಾಲ ನಡುವೆ ಇಟ್ಟು
ತನ್ನ ಹಲಗೆಗೆ ಹೋಗಿ ಕೂತಳು.
ನನ್ನ ಹುಟ್ಟಿನ ಹಿಡಿ ಯಾರು ಒದ್ದೆ ಮಾಡಿದ್ದು?
ಮಳೆ, ಅಂದ ಅಸೈನಾರ್.

ಬರುವಾಗ ಎಂಟು.
ಅವಳ ರಂಡ್, ದೇಚಮ್ಮನ ದಂಡ್, ನನ್ನ ಎರಡು:
ಬಾಯಿ ಮುಚ್ಚಿಕೊಂಡು ಚೋಮನ ಭುಜ ನೋಡಿದೆ,
ನಾಲ್ಕೈದು ಸಲ ಸರಿಬಂತು.
ಆಮೇಲೆ ಮತ್ತೆ ಮರೆತು ಕನ್ನಡದಲ್ಲೇ ಎಣಿಸಿದೆ.

ದಡಕ್ಕೆ ಹಗ್ಗ ಎಸೆದಾಗ
ಗೋಡೆಯ ಗಂಟೆಗೆ ಇನ್ನೂ ಇಪ್ಪತ್ತು ನಿಮಿಷವಿತ್ತು.
ಹೊಳೆ ಆಗಲೇ ಅಂಗಡಿಯ ಮೆಟ್ಟಿಲು ಹತ್ತಿ
ಇದ್ದಿಲಿನ ಕೊನೆಯ ಅಂಕೆಯನ್ನು ಓದುತ್ತಿತ್ತು.