ಹಾಳೆ ತಿರುವುವ ನಿಯಮ

ಬೀದರಿನ ನಮ್ಮ ಗ್ರಂಥಾಲಯದಲ್ಲಿ
ಗಾಜಿನ ಪೆಟ್ಟಿಗೆ ಇರುವುದು ಒಂದೇ.
ಒಳಗೆ, ಹತ್ತಿಯ ದಿಂಬಿಗೆ ಬೆನ್ನು ಕೊಟ್ಟು
ಜ್ವರದಿಂದ ಎದ್ದ ಮುತ್ಯಾನ ಹಾಗೆ
ಅರ್ಧ ಮಲಗಿ ಅರ್ಧ ಕೂತ
ಕರೇಜ್ ದುರಸ್ತಿಯ ಲೆಕ್ಕದ ಪುಸ್ತಕ.

ಬಂದವರಿಗೆಲ್ಲ ತೋರಿಸುವುದು ಮೊದಲ ಹಾಳೆ:
ಬಂಗಾರದ ಬಳ್ಳಿ, ನೀಲಿ ಹೂವು,
ಖರ್ಚು ಕೊಟ್ಟ ಧಣಿಯ ಬಿರುದು ಹನ್ನೊಂದು ಸಾಲು.
ಸಾಹೇಬರು ಪಕ್ಕ ನಿಂತು ಫೋಟೊ ತೆಗೆಸಿಕೊಂಡಿದ್ದಾರೆ.
ಶಾಲೆ ಮಕ್ಕಳು ಗಾಜಿಗೆ ಮೂಗು ಒತ್ತಿ
ಉಸಿರಿನ ಚುಕ್ಕಿ ಬಿಟ್ಟು ಹೋಗುತ್ತಾರೆ,
ತೇಜಮ್ಮ ಸಂಜೆಗೆ ಒರೆಸುತ್ತಾಳೆ.

ಬೆಳಕು ನೀಲಿಯನ್ನು ತಿನ್ನುತ್ತದೆ. ಅದಕ್ಕೇ ನಿಯಮ:
ಮೂರು ತಿಂಗಳಿಗೊಮ್ಮೆ ಹಾಳೆ ತಿರುವಬೇಕು.
ಆರು ವರ್ಷ ಯಾರೂ ತಿರುವಿರಲಿಲ್ಲ, ನಾನೂ.
ಹೂವು ಬೂದಿ ಬಣ್ಣಕ್ಕೆ ಬಂದಾಗ ಎಚ್ಚರವಾಯಿತು.

ಶನಿವಾರ ಬಾಗಿಲು ಮುಂದೆ ಮಾಡಿ, ಕೈ ತೊಳೆದು ಒಣಗಿಸಿ
(ಕೈಗವಸು ಬೇಡ, ಹಾಳೆಯ ನೋವು ಬರಿ ಬೆರಳಿಗೇ ತಿಳಿಯುವುದು)
ಬೀಗ ತೆಗೆದೆ.
ನೀರು ಕುಡಿದು ಉಬ್ಬಿದ ಹಾಳೆ ಬಂತು, ಬಳ್ಳಿಯಿಲ್ಲ.
ಹುಳ ಕೊರೆದ ದಾರಿ ಮಾತ್ರ,
ಬಾವಿಯಿಂದ ಬಾವಿಗೆ ಹೋದಂತೆ.
ಮೋಡಿ ಅಕ್ಷರ. ತಡವರಿಸಿ ಗಟ್ಟಿಯಾಗಿ ಓದಿದೆ:

ಹುಸೇನಿ, ಕಲ್ಲು ಒಡೆಯುವವ, ಎರಡಾಣೆ.
ಘಾಳೆಪ್ಪ, ಮಣ್ಣು ಎತ್ತುವವ, ಒಂದಾಣೆ.
ಘಾಳೆಪ್ಪ, ದೀಪ ಹಿಡಿಯುವವ, ಮುಕ್ಕಾಲಾಣೆ.
ಇನ್ನೊಬ್ಬ ಘಾಳೆಪ್ಪ, ಒಂದು ದಿನ ಗೈರು, ಕೂಲಿ ಕಡಿತ.

ಕಸಬರಿಗೆ ಗೋಡೆಗೆ ಆನಿಸಿ ತೇಜಮ್ಮ ಬಂದಳು.
"ನಮ್ಮ ಮುತ್ಯಾನ ಮುತ್ಯಾನೂ ಘಾಳೆಪ್ಪನೇ ಅಂತ್ರಿ,
ಸುರಂಗದಾಗ ಇಳಿದಿದ್ನಂತ. ಇದ್ರಾಗ ಯಾವಂವ?"
ನನಗೇನು ಗೊತ್ತು.
ಮೂವರಿಗೂ ಊರಿಲ್ಲ, ಅಪ್ಪನ ಹೆಸರಿಲ್ಲ.
ಮೂರನೆಯವನನ್ನು ಮತ್ತೊಮ್ಮೆ ಓದಿಸಿದಳು.
"ಗೈರು ಯಾಕಂತ ಬರದಾರೇನ್ರಿ?"
ಇಲ್ಲ.
"ಹಂಗಾದ್ರ ಅವನೇ ಬಿಡ್ರಿ.
ನಮ್ಮ ಮನಿ ಮಂದಿಗೆ ಮೊದಲಿಂದ
ಕತ್ತಲಂದ್ರ ಅಂಜಿಕಿ."

ಹಳೆಯ ಚೀಟಿ ಕಿತ್ತು ಹೊಸದು ಬರೆದೆ:
ಕೂಲಿ ಪಟ್ಟಿ. ಅಲಂಕಾರವಿಲ್ಲ.
ಎರಡನೆಯ ಮಾತು ಹೊಡೆದು ಹಾಕಿದೆ.

ಕೊಡ, ಬಟ್ಟೆ ಎತ್ತಿಕೊಂಡು ಹೊರಟವಳು ಬಾಗಿಲಲ್ಲಿ ನಿಂತಳು.
"ಹೋಗುವಾಗ ದೀಪ ಆರಿಸಬ್ಯಾಡ್ರಿ, ಇವತ್ತೊಂದಿನ."

ಬೆಳಕೇ ತಿನ್ನುವ ಹಾಳೆ ಅದು, ತೇಜಮ್ಮ,
ಹೇಗೆ ಹೇಳಲಿ.
ಆರಿಸಿದೆ.
ವರಾಂಡದ್ದು ಮಾತ್ರ ಬಿಟ್ಟೆ.
ಕಿಟಕಿ ದಾಟಿ ಅದು ಗಾಜಿನ ಮೂಲೆಗಾದರೂ
ಬೀಳುತ್ತದೋ ಇಲ್ಲವೋ,
ತಿರುಗಿ ನೋಡಲಿಲ್ಲ.