ಮೈಲಿಗಂಬ

ಮೊದಲು ಇದು ಜಲ್ಲಿ ತೆಗೆದ ಗುಂಡಿ.
ಹೆದ್ದಾರಿಗೆ ಹೊಟ್ಟೆ ಬಗೆದುಕೊಟ್ಟು
ಬಾಯ್ತೆರೆದು ಬಿದ್ದಿದ್ದಾಗ
ಅಡಿಯಿಂದ ತಾನಾಗಿ ಒಸರಿತಂತೆ ನೀರು.
ನಗರಸಭೆ ನಾಲ್ಕು ಬೆಂಚು ಹಾಕಿ, ಹಲಗೆ ಬರೆಸಿ
ಕೆರೆ ಅಂದಿತು. ಹೆಬ್ಬಾತುಗಳು ನಂಬಿದವು,
ಆಮೇಲೆ ಜನ.

ನನ್ನದು ಇಲ್ಲಿ ಇಪ್ಪತ್ತಾರು ವರ್ಷದ ಚಾಕರಿ.
ನಸುಕಿಗೆ ಗೇಟು, ರಾತ್ರಿ ಹತ್ತಕ್ಕೆ ಬೀಗ,
ನಡುವೆ ಬಾತಿನ ಹಿಕ್ಕೆ, ಮೇಪಲ್ ಎಲೆ,
ಕೊಂಬೆಗೆ ಸಿಕ್ಕ ಗಾಳದ ದಾರ,
ಒಮ್ಮೆ ಒಂದು ಮದುವೆಯುಂಗುರ.
ಅದು ತಮ್ಮದೆಂದು ಇಬ್ಬರು ಬಂದರು, ಬೇರೆ ಬೇರೆ ದಿನ;
ಇಬ್ಬರ ಬೆರಳಿಗೂ ಸರಿಹೋಯಿತು.

ಕೆರೆ ಸುತ್ತ ಹಾದಿ. ಹಾದಿಗೆ ನಾಲ್ಕು ಕಂಬ:
ಕಾಲು, ಅರ್ಧ, ಮುಕ್ಕಾಲು, ಒಂದು.
ನೆಟ್ಟವನು ನನಗಿಂತ ಮುಂಚಿನ ಕ್ಲಾರೆನ್ಸ್ ವಿಸರ್.
ಮುಕ್ಕಾಲಿನವರೆಗೆ ಸರಪಣಿ ಹಿಡಿದು ಅಳೆದನಂತೆ,
ಮುಂದೆ ಜೊಂಡಿನ ಕೆಸರು, ಮೇಲೆ ಮಿಶಿಗನ್ನಿನ ಅಕ್ಟೋಬರ್ ಮಳೆ.
'ಇಲ್ಲಿಗೇ ಒಂದು ಅನ್ನು' ಎಂದು
ಕಂಬ ಹೂತು ಕಾಫಿಗೆ ಹೋದ.
ಅವನೇ ಹೇಳಿದ್ದು ನನಗೆ, ನಿವೃತ್ತಿಯ ದಿನ,
ಕೀಲಿಗೊಂಚಲಿನ ಜೊತೆ ಗುಟ್ಟನ್ನೂ ಕೊಟ್ಟು.
ನಾನು ವರ್ಷಕ್ಕೊಮ್ಮೆ ಆ ಸುಳ್ಳಿಗೆ ಹಸಿರು ಬಣ್ಣ ಬಳಿದೆ.

ಈ ವಸಂತದಲ್ಲಿ ಬಂದ ನೋಡಿ, ಕಚೇರಿಯ ಹುಡುಗ,
ಕೈಯಲ್ಲೊಂದು ಹಳದಿ ಯಂತ್ರ.
ಉಪಗ್ರಹ ಮೇಲಿಂದ ಇಣುಕಿ ಚಾಡಿ ಹೇಳಿತು:
ಎಂಬತ್ತಾರು ಹೆಜ್ಜೆ ಕಮ್ಮಿ.
ಬುಧವಾರದೊಳಗೆ ಕಂಬ ಸರಿಸಿ, ಎಂದು ಚೀಟಿ.

ಎಂಬತ್ತಾರು ಹೆಜ್ಜೆ ಏನು ಮಹಾ.
ಆದರೆ ಅಚುಯಿಲ್ ಇದ್ದಾನೆ, ದಕ್ಷಿಣ ಸುಡಾನಿನವರ ಮಗ,
ಕೊಕ್ಕರೆಗಾಲಿನ ಹುಡುಗ, ಶಾಲೆಯ ಓಟದ ತಂಡದಲ್ಲಿ;
ಮೈಲಿಗೆ ನಾಲ್ಕು ನಿಮಿಷ ಐವತ್ತೆಂಟು ಸೆಕೆಂಡು ಎಂದು
ಅಂಗೈ ಮೇಲೆ ಬರೆದುಕೊಂಡು ತಿರುಗಿದವನು.
ಆಮೇಲೆ ವರ್ನಾ ಹೂಕ್‌ಸ್ಟ್ರ,
ನವೆಂಬರಿನಲ್ಲಿ ಸೊಂಟದ ಕೀಲು ಬದಲಿಸಿಕೊಂಡಾಕೆ.
ಡಿಸೆಂಬರಿನಲ್ಲಿ ಕಾಲು ಮೈಲಿಗೇ ಕಾಲು ಸೋತಿತ್ತು.
ಹಿಮದಲ್ಲಿ ಊರುಗೋಲಿನ ತೂತು ನೋಡಿ ನಾನು
ಎಲ್ಲಿಂದ ಹಿಂತಿರುಗಿದಳೆಂದು ತಿಳಿಯುತ್ತಿದ್ದೆ.
ಮಾರ್ಚಿಗೆ ಅರ್ಧ. ಈಗ ಮುಕ್ಕಾಲು ದಾಟಿ ಜೊಂಡಿನ ತನಕ.
ಸೋಮವಾರ ಕೂಗಿ ಹೇಳಿದಳು:
'ಗುರುವಾರ ಆ ನಿನ್ನ ಕಂಬವನ್ನು ಮುಟ್ಟಿಯೇ ತೀರುವುದು.'

ಕಚೇರಿಗೆ ಫೋನು ಮಾಡಿ, ಸಲಿಕೆ ಮುರಿದಿದೆ ಅಂದೆ.
ಮುರಿದಿರಲಿಲ್ಲ.

ಗುರುವಾರ ಮಂಜು. ಆಚೆ ದಡದಲ್ಲಿ ಗಾಳ ಹಾಕಿ ಕೂತವರ
ಕೆಮ್ಮು ಮಾತ್ರ ನೀರಿನ ಮೇಲೆ ನಡೆದುಬರುತ್ತಿತ್ತು.
ಅವಳು ಬಂದಳು. ನಿಂತಳು. ಬಂದಳು.
ಕಂಬದ ನೆತ್ತಿ ತಟ್ಟಿದಳು,
ಓಡಿ ಬಂದ ಕುದುರೆಯನ್ನು ತಟ್ಟುವ ಹಾಗೆ,
ದಣಿದದ್ದು ಕಂಬವೇ ಎಂಬಂತೆ.

ಆ ರಾತ್ರಿ ಬೀಗ ಹಾಕಿದ ಮೇಲೆ ಟಾರ್ಚು ಹಿಡಿದು ಕಿತ್ತೆ.
ಹೆಗಲ ಮೇಲೆ ಹೊತ್ತು ಎಂಬತ್ತಾರು ಎಣಿಸಹೊರಟೆ;
ನನ್ನ ಹೆಜ್ಜೆಗೆ ತೊಂಬತ್ತೊಂದಾಯಿತು.

ಅಚುಯಿಲನಿಗೆ ನಾನೇ ಹೇಳಿದೆ.
ಅವನು ಬಹಳ ಹೊತ್ತು ಶೂ ದಾರ ಕಟ್ಟಿದ.
'ಹಾಗಾದರೆ ನಾನಿನ್ನೂ ಐದರೊಳಗೆ ಓಡಿಲ್ಲ' ಎಂದು
ಗಡಿಯಾರ ಸೊನ್ನೆಗೆ ತಂದು
ಹೊರಟೇಬಿಟ್ಟ.

ವರ್ನಾ ಶನಿವಾರ ಬಂದಳು. ಹಳೆಯ ಗುಂಡಿಯ ಬಳಿ ನಿಂತು
ಹಸಿ ಮಣ್ಣನ್ನು ಕೋಲಿನಿಂದ ಕೆದಕಿ,
ದೂರದ ಕಂಬ ನೋಡಿ, ನನ್ನನ್ನು ನೋಡಿ
'ಮಣ್ಣು ಇನ್ನೂ ಗಟ್ಟಿಯಾಗಿ ತುಳಿಯಬೇಕಿತ್ತು,
ಯಾರಾದರೂ ಎಡವಿಯಾರು' ಅಂದಳು.
ನಿನಗೆ ಎಷ್ಟು ದಿನದಿಂದ ಗೊತ್ತಿತ್ತು ಎಂದು ಕೇಳಲಿಲ್ಲ.
ಅಲ್ಲಿಂದಲೇ ಹಿಂತಿರುಗಿದಳು.

ಈಗಲೂ ಅಲ್ಲಿಂದಲೇ ಹಿಂತಿರುಗುತ್ತಾಳೆ.
ನಾನು ಮೂರು ಸಲ ಹುಲ್ಲಿನ ಬೀಜ ಚೆಲ್ಲಿದೆ,
ಮೂರು ಸಲವೂ ಬಾತುಗಳು ಹೆಕ್ಕಿ ತಿಂದವು.
ತಟ್ಟೆಯಗಲದ ಬೋಳು ಜಾಗ ಹಾಗೇ ಇದೆ.
ಹಳೆಯ ಓಟಗಾರರು ಅಲ್ಲಿಗೆ ಬಂದಾಗ
ಮುಂಗೈ ತಿರುಗಿಸಿ ಹೊತ್ತು ನೋಡುತ್ತಾರೆ,
ಆಮೇಲೆ, ನೆನಪಾಗಿ, ಓಡುತ್ತಾರೆ.